ಕೊಡಗಿನಲ್ಲಿ ಲಿಂಗತ್ವ ಮತ್ತು ಅಸ್ಮಿತೆಯ ಅಧ್ಯಯನ

ಕೊಡಗಿನ ಸಮಾಜವನ್ನು ಕುರಿತ ಬರಹಗಳಲ್ಲಿ ಬಹುಕಾಲ ಕೊಡವರ ಒಕ್ಕವೇ (ತಂದೆಯ ಕಡೆಯ ಕೂಡುಕುಟುಂಬವೇ) ಕೇಂದ್ರವಾಗಿತ್ತು. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ, ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಶಿಷ್ಯರಾಗಿದ್ದ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದ ಗ್ರಂಥ 1952ರಲ್ಲಿ ಪ್ರಕಟವಾಯಿತು. ಅದು ಹೆಸರಾದದ್ದು ‘ಸಂಸ್ಕೃತೀಕರಣ’ದ, ಅಂದರೆ ಕೆಳಜಾತಿಗಳು ಮೇಲುಜಾತಿಗಳ ಆಚಾರಗಳನ್ನು ಅನುಸರಿಸುವ ಪ್ರಕ್ರಿಯೆಯ, ಪರಿಕಲ್ಪನೆಯಿಂದ. ಮದುವೆಯಲ್ಲಿ ಹೆಣ್ಣಿನ ಹಕ್ಕು ತವರಿನ ಒಕ್ಕದಿಂದ ಗಂಡನ ಒಕ್ಕಕ್ಕೆ ಸಲ್ಲುವ ‘ಸಮ್ಮಂದ’ ಶಾಸ್ತ್ರವನ್ನೂ ಶ್ರೀನಿವಾಸರು ವಿವರಿಸಿದ್ದಾರೆ. ಆದರೆ ಅವರ ಆಸಕ್ತಿ ಇದ್ದದ್ದು ಒಕ್ಕದ ಒಗ್ಗಟ್ಟಿನಲ್ಲಿ. ಇಂಥ ಆಚರಣೆಗಳನ್ನು ಹೆಣ್ಣಿನ ಕಡೆಯಿಂದ ಓದಿದವರು ವೀಣಾ ಪೂಣಚ್ಚ. ಮುಂಬಯಿಯ ಎಸ್‌ಎನ್‌ಡಿಟಿ ವಿಶ್ವವಿದ್ಯಾನಿಲಯದ ಮಹಿಳಾ ಅಧ್ಯಯನ ಕೇಂದ್ರದ ನಿರ್ದೇಶಕರಾಗಿದ್ದ ಇವರು, ಕೊಡವರಲ್ಲಿ ತಾಯ್ತನವನ್ನು ಸಮಾಜವೇ ರೂಪಿಸುವ ಬಗೆಯನ್ನು 1997ರ ಒಂದು ಲೇಖನದಲ್ಲಿ ಚರ್ಚಿಸಿದರು.

ಹಾಡಿಗಳ, ಅಂದರೆ ಆದಿವಾಸಿ ವಸತಿಗಳ, ಜನ ಈ ಚಿತ್ರದ ಅಂಚಿನಲ್ಲೇ ಉಳಿದರು. ಹುಣಸೂರು–ಗೋಣಿಕೊಪ್ಪ ರಸ್ತೆಯ ತಿತಿಮತಿ ನಾಗರಹೊಳೆ ಕಾಡಿಗೆ ಅಂಟಿಕೊಂಡ ಊರು. ಜೇನುಕುರುಬರು, ಬೆಟ್ಟಕುರುಬರು, ಯರವರು ಇಲ್ಲಿಯವರು. ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಬೇಟೆಗೆಂದು ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುಗಾಡಿನಲ್ಲಿ ಕೈಬಿಟ್ಟನೆಂಬುದು ಈ ಜನರ ಕಥೆ. ಆ ಸಿಟ್ಟಿಗೆ ಗಂಡಸರು ಸೀರೆ, ರವಿಕೆ ತೊಟ್ಟು, ಡಬ್ಬ ಬಡಿಯುತ್ತ, ದೇವರನ್ನೂ ದಾರಿಹೋಕರನ್ನೂ ಬಾಯಿತುಂಬ ಬೈದು ಕಾಸು ಕೇಳುತ್ತಾರೆ. ಸಾಹುಕಾರರಿಗೂ ಅಂದು ವಿನಾಯಿತಿಯಿಲ್ಲ. ಪತ್ರಿಕೆಗಳಿಗೆ ಇದು ವರ್ಷಕ್ಕೊಂದು ಮೋಜಿನ ಸುದ್ದಿ. ವರ್ಷವಿಡೀ ತೋಟದ ಲೈನುಮನೆಯಲ್ಲಿ ತಲೆತಗ್ಗಿಸಿ ದುಡಿಯುವವನಿಗೆ ಬೈಯುವ ಸ್ವಾತಂತ್ರ್ಯ ಸಿಗುವುದು ಹೆಣ್ಣುವೇಷದಲ್ಲಿ ಎಂಬುದು ಮಾತ್ರ ಲಿಂಗತ್ವದ ಅಧ್ಯಯನಕ್ಕೆ ದೊಡ್ಡ ವಸ್ತು.

ಈ ಜನರ ಪ್ರಶ್ನೆಯನ್ನು ರಾಜ್ಯಶಾಸ್ತ್ರಕ್ಕೆ ತಂದವರಲ್ಲಿ ಮುಜಫ್ಫರ್ ಅಸ್ಸಾದಿ (ನಿಧನ 2025) ಮುಖ್ಯರು. ಉಡುಪಿ ಜಿಲ್ಲೆಯ ಶಿರ್ವದವರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ವೃತ್ತಿ. ಕರ್ನಾಟಕದ ರೈತ ಚಳವಳಿಯಿಂದ ಆರಂಭಿಸಿ ಜಾತಿ, ಅಲ್ಪಸಂಖ್ಯಾತರು, ಆದಿವಾಸಿಗಳ ಅಸ್ಮಿತೆಯವರೆಗೆ ಬರೆದರು. ನಾಗರಹೊಳೆಯಿಂದ ಒಕ್ಕಲೆಬ್ಬಿಸಲ್ಪಟ್ಟವರ ಬಗ್ಗೆ ಹೈಕೋರ್ಟ್ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ 2014ರಲ್ಲಿ ವರದಿ ಕೊಟ್ಟರು. ಅದು ಗುರುತಿಸಿದ ನಿರಾಶ್ರಿತ ಕುಟುಂಬಗಳು 3,418. ಕುಟುಂಬಗಳ ಲೆಕ್ಕದಲ್ಲಿ ಹೆಂಗಸರ ಪಾಲಿನ ನಷ್ಟ ಬೇರೆಯಾಗಿ ಕಾಣುವುದಿಲ್ಲ. 2016ರ ಡಿಸೆಂಬರಿನಲ್ಲಿ ಇದೇ ಕಾಡಂಚಿನ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ಕೆಡವಿದಾಗ ಪ್ರತಿಭಟನೆಯ ಮುಂದಾಳತ್ವ ವಹಿಸಿದವರು ಅಲ್ಲಿನ ಹೆಂಗಸರೇ. ಆ ಕುಟುಂಬಗಳಿಗೆ ಬಳಿಕ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಕಲ್ಪಿಸಲಾಯಿತು.