ರಾಬರ್ಟ್‌ಸನ್‌ಪೇಟೆ ವಾಣಿಜ್ಯ ಪ್ರದೇಶದ ಪುನಶ್ಚೇತನ: ಹಿನ್ನೆಲೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಕೋಲಾರ ಜಿಲ್ಲೆಯ ಕೆ.ಜಿ.ಎಫ್. ನಗರದ ವಾಣಿಜ್ಯ ಕೇಂದ್ರವಾದ ರಾಬರ್ಟ್‌ಸನ್‌ಪೇಟೆಯು ಗಣಿ ಕಾರ್ಮಿಕರ ಸಂಬಳದ ಆಧಾರದ ಮೇಲೆ ಬೆಳೆದ ಪೇಟೆಯಾಗಿರುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಇಲ್ಲಿ ಚಿನ್ನದ ಗಣಿಗಾರಿಕೆಯನ್ನು ಕೈಗೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ ಸರಬರಾಜಾಯಿತು. 1956ರಲ್ಲಿ ರಾಜ್ಯ ಸರ್ಕಾರದ ವಶಕ್ಕೆ ಬಂದ ಗಣಿಗಳು ನಂತರ ಕೇಂದ್ರ ಸರ್ಕಾರಕ್ಕೆ ವರ್ಗವಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯ ಅಧೀನಕ್ಕೊಳಪಟ್ಟವು. ಅದಿರಿನಲ್ಲಿ ಚಿನ್ನದ ಪ್ರಮಾಣ ಕುಸಿದು, ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ ಅದನ್ನು ಮೇಲೆ ತರುವ ವೆಚ್ಚ ಏರಿದ ಕಾರಣ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು.

ಅಂದಿನಿಂದ ಪೇಟೆಯ ವ್ಯಾಪಾರ ಕುಂಠಿತವಾಗಿದೆ. ಬೆಮೆಲ್ ಕಾರ್ಖಾನೆಯು ಮುಂದುವರಿದಿದ್ದರೂ ಗಣಿ ಬಿಟ್ಟ ತೆರವನ್ನು ಅದೊಂದೇ ತುಂಬಲಾರದು. ಸಾವಿರಾರು ನಿವಾಸಿಗಳು ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅವರು ಊರಿನಲ್ಲಿರುವ ವೇಳೆಗೆ ಅಂಗಡಿಗಳು ಮುಚ್ಚುವ ಹೊತ್ತಾಗಿರುತ್ತದೆ.

ಪುನಶ್ಚೇತನದ ಬಗ್ಗೆ ಮುಖ್ಯವಾಗಿ ಎರಡು ಅಭಿಪ್ರಾಯಗಳಿವೆ. ಹಳೆಯ ಮಳಿಗೆಗಳನ್ನು ತೆರವುಗೊಳಿಸಿ ಬಹುಮಹಡಿ ವಾಣಿಜ್ಯ ಸಂಕೀರ್ಣ ನಿರ್ಮಿಸಬೇಕೆಂಬುದು ಒಂದು. ಚರಂಡಿ, ಶೌಚಾಲಯ, ದೀಪ ಹಾಗೂ ವಾಹನ ನಿಲುಗಡೆಯನ್ನು ಸರಿಪಡಿಸಿ ಇರುವ ಪೇಟೆಯನ್ನೇ ಉಳಿಸಬೇಕೆಂಬುದು ಇನ್ನೊಂದು. ಕೊಳ್ಳುವವರ ಕೈಯಲ್ಲಿ ಹಣವಿಲ್ಲದ ಊರಿನಲ್ಲಿ ಕಟ್ಟಡ ಮಾತ್ರದಿಂದ ವ್ಯಾಪಾರ ಹೆಚ್ಚುವುದಿಲ್ಲ. ಬಾಡಿಗೆ ಮಾತ್ರ ಹೆಚ್ಚುತ್ತದೆ. ಆದುದರಿಂದ ಪೇಟೆಯ ಪ್ರಶ್ನೆಯು ಉದ್ಯೋಗದ ಪ್ರಶ್ನೆಯಿಂದ ಬೇರೆಯಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸಮ್ಮತಿಸಿದ, 13 ಸೈನೈಡ್ ದಿಬ್ಬಗಳಿಂದ ಚಿನ್ನ ತೆಗೆಯುವ ಪ್ರಸ್ತಾವನೆಯನ್ನೂ ಈ ದೃಷ್ಟಿಯಿಂದಲೇ ನೋಡಬೇಕಾಗುತ್ತದೆ. ದಿಬ್ಬಗಳ ಧೂಳನ್ನು ದಶಕಗಳಿಂದ ಸಹಿಸಿದವರಿಗೆ ಅದರಿಂದ ಎಷ್ಟು ಕೆಲಸ ದೊರೆಯುವುದೆಂಬುದು ಮುಖ್ಯ.

ಯಾವ ಅಭಿಪ್ರಾಯ ಜಾರಿಗೆ ಬಂದರೂ ಹಕ್ಕು ನಿರ್ಧಾರವಾಗುವುದು ದಾಖಲೆಗಳಿಂದ. ಪುರಸಭಾ ಅಧಿನಿಯಮ, 1964ರ ಮೇರೆಗೆ ವ್ಯಾಪಾರಿಗಳು ಉದ್ದಿಮೆ ಪರವಾನಗಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳತಕ್ಕದ್ದು. ನಗರಸಭೆಯ ಮಳಿಗೆಗಳ ಬಾಡಿಗೆದಾರರು ಕರಾರು ಪತ್ರ ಹಾಗೂ ಬಾಡಿಗೆ ರಸೀದಿಗಳನ್ನು ಕಾಯ್ದಿರಿಸಿಕೊಳ್ಳುವುದು ಅತ್ಯವಶ್ಯ. ಮೂಲ ಬಾಡಿಗೆದಾರರು ಮೃತರಾಗಿದ್ದಲ್ಲಿ ವಾರಸುದಾರರು ಮರಣ ಪ್ರಮಾಣ ಪತ್ರ ಹಾಗೂ ವಂಶವೃಕ್ಷದೊಂದಿಗೆ ನಗರಸಭೆಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ತಂದೆಯ ಹೆಸರಿನಲ್ಲೇ ಉಳಿದ ಕರಾರು ತೆರವಿನ ಸಮಯದಲ್ಲಿ ಮಗನನ್ನು ಅಪರಿಚಿತನನ್ನಾಗಿಸುತ್ತದೆ.

ಬೀದಿ ಬದಿ ವ್ಯಾಪಾರಿಗಳು 2014ರ ಕೇಂದ್ರ ಕಾಯ್ದೆಯಡಿ ಸಮೀಕ್ಷೆಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಹಾಗೂ ಮಾರಾಟ ಪ್ರಮಾಣ ಪತ್ರ ಪಡೆಯಬಹುದು. 30 ದಿನಗಳ ನೋಟೀಸು ನೀಡದೆ ಅವರನ್ನು ಸ್ಥಳಾಂತರಿಸುವಂತಿಲ್ಲ. ಪಟ್ಟಣ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ. 40ಕ್ಕೆ ಕಡಿಮೆ ಇರತಕ್ಕದ್ದಲ್ಲ.

ಗಣಿ ಲೈನುಗಳ ಮನೆಗಳು ಬೇರೆ ವಿಷಯ. ಅವು ಗಣಿ ಸಂಸ್ಥೆಯ ಜಮೀನಿನಲ್ಲಿರುವುದರಿಂದ ಪೇಟೆಯ ಖಾಸಗಿ ಸ್ವತ್ತಿನಂತೆ ಅವುಗಳಿಗೆ ಖಾತೆ ಕೋರಲಾಗದು.

ನಗರ ಯೋಜನಾ ಕಾಯ್ದೆ, 1961ರ ಮೇರೆಗೆ ಮಹಾ ಯೋಜನೆಯ ಕರಡು ಪ್ರಕಟವಾದ 60 ದಿನಗಳೊಳಗೆ ಯಾರಾದರೂ ಲಿಖಿತ ಸಲಹೆ, ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆಯಲ್ಲಿ ಸ್ವತ್ತಿನ ಸಂಖ್ಯೆ, ರಸ್ತೆಯ ಹೆಸರು ಮತ್ತು ಬದಲಾಗಬೇಕಾದ ಅಂಶವನ್ನು ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿ ಪಡೆಯತಕ್ಕದ್ದು.