ಮತಪೆಟ್ಟಿಗೆಗೆ ಮುನ್ನ ಪ್ರಸಂಗಪೀಠ: ಆಗಸ್ಟ್ 26ರ ಹಿಂದಿನ ಸಭಾಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿ ವರ್ಷ ಆಗಸ್ಟ್ 26ನ್ನು ಸ್ತ್ರೀ ಸಮಾನತಾ ದಿನವಾಗಿ ಆಚರಿಸುತ್ತಾರೆ. 1920ರ ಆ ಮುಂಜಾನೆ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ಅವರು ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿಯ ಘೋಷಣೆಗೆ ತಮ್ಮ ಮನೆಯಲ್ಲಿಯೇ ಸಹಿ ಹಾಕಿದರು. ಹೋರಾಡಿದ ಸ್ತ್ರೀಯರಲ್ಲಿ ಒಬ್ಬರೂ ಅಲ್ಲಿರಲಿಲ್ಲ. 1973ರಲ್ಲಿ, ಬೆಲ್ಲಾ ಆಬ್ಜಗ್ ಅವರ ಪ್ರಯತ್ನದ ಫಲವಾಗಿ, ಅಲ್ಲಿಯ ಕಾಂಗ್ರೆಸ್ ಈ ದಿನವನ್ನು ಸ್ಮರಣೆಗೆ ಗೊತ್ತುಮಾಡಿತು. ಇದನ್ನು ಕೇವಲ ಶಾಸನಸಭೆಗಳ ಚರಿತ್ರೆಯೆಂದು ಓದುವುದು ವಾಡಿಕೆ. ಆದರೆ ಸ್ತ್ರೀಯು ಮತ ಹಾಕಬಹುದೇ ಎಂಬ ಪ್ರಶ್ನೆ ಏಳುವ ಮೊದಲೇ, ಸ್ತ್ರೀಯು ಸಭೆಯಲ್ಲಿ ಬಾಯಿ ತೆರೆಯಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಅದನ್ನು ಎತ್ತಿದವರು ಸಭಾಪಾಲಕರೇ.

1837ರಲ್ಲಿ ಮ್ಯಾಸಚೂಸೆಟ್ಸಿನ ಕಾಂಗ್ರಿಗೇಷನಲ್ ಸಭಾಪಾಲಕರ ಸಂಘವು ತನ್ನ ಸಭೆಗಳಿಗೆ ಒಂದು ಪಾಲನಾ ಪತ್ರವನ್ನು ಕಳುಹಿಸಿತು. ದಕ್ಷಿಣ ಕ್ಯಾರೊಲೈನಾದ ಗುಲಾಮರ ಒಡೆಯರ ಮನೆತನದಲ್ಲಿ ಹುಟ್ಟಿ, ಆ ಪಾಪವನ್ನು ತೊರೆದು ಕ್ವೇಕರ್ ಸಭೆಯನ್ನು ಸೇರಿದ್ದ ಸಾರಾ ಮತ್ತು ಆಂಜಲಿನಾ ಗ್ರಿಮ್ಕೆ ಎಂಬ ಸಹೋದರಿಯರು ಆಗ ಊರೂರಲ್ಲಿ ಗುಲಾಮಗಿರಿಯ ವಿರುದ್ಧ ಮಾತನಾಡುತ್ತಿದ್ದರು. ಗಂಡಸರೂ ಬಂದು ಕೇಳುತ್ತಿದ್ದರು. ಪತ್ರವು ಸ್ತ್ರೀಯನ್ನು ಆಸರೆಗೆ ಹಬ್ಬುವ ಬಳ್ಳಿಗೆ ಹೋಲಿಸಿತು. ಬಳ್ಳಿಯು ಮರದಂತೆ ತಾನೇ ನಿಲ್ಲಹೋದರೆ ಧೂಳಿಗೆ ಬೀಳುವುದೆಂದು ಎಚ್ಚರಿಸಿತು. ಉಪಮೆ ಸೊಗಸಾಗಿದೆ, ಬೆನ್ನಿನ ಮೇಲೆ ಚಾಟಿಯ ಗಾಯಗಳಿದ್ದ ಗುಲಾಮ ಸ್ತ್ರೀಗೆ ಯಾರು ಆಸರೆಯಾಗಿದ್ದರು ಎಂಬುದನ್ನು ಮಾತ್ರ ಅದು ವಿಚಾರಿಸಲಿಲ್ಲ.

ಸಾರಾ ಗ್ರಿಮ್ಕೆ ಕೊಟ್ಟ ಉತ್ತರವು 1838ರಲ್ಲಿ ಪುಸ್ತಕವಾಗಿ ಹೊರಬಂದಿತು. ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು ಆಕೆಯ ಕೋಪಕ್ಕಿಂತ ಆಕೆಯ ವ್ಯಾಖ್ಯಾನಕ್ರಮವನ್ನು. ಆದಿಕಾಂಡ 3:16ರಲ್ಲಿ ಗಂಡನ ಆಳ್ವಿಕೆಯ ಕುರಿತು ಹೇಳಿರುವುದು ಆಜ್ಞೆಯಲ್ಲ, ಪಾಪದ ಪರಿಣಾಮದ ಮುನ್ಸೂಚನೆ ಎಂದು ಆಕೆ ವಾದಿಸಿದರು. ಇಬ್ರಿಯ ಭಾಷೆಯಲ್ಲಿ ಎರಡಕ್ಕೂ ಒಂದೇ ಕ್ರಿಯಾರೂಪ. ಹೆಂಡತಿಯರ ಮೇಲೆ ಅಧಿಕಾರ ನಡೆಸಿ ರೂಢಿಯಾಗಿದ್ದ ಭಾಷಾಂತರಕಾರರು ಇಂಗ್ಲಿಷಿನಲ್ಲಿ ಆಜ್ಞೆಯ ಧ್ವನಿಯನ್ನು ಆರಿಸಿಕೊಂಡರೆಂಬುದು ಆಕೆಯ ಆಕ್ಷೇಪ. ಕನ್ನಡ ಓದುಗನಿಗೆ ಈ ವಾದ ಸುಲಭವಾಗಿ ತಿಳಿಯುತ್ತದೆ: ‘ಆಳುವನು’ ಎಂಬುದಕ್ಕೂ ‘ಆಳಲಿ’ ಎಂಬುದಕ್ಕೂ ಇರುವ ಅಂತರವು ನಮ್ಮಲ್ಲಿ ಮಗುವಿಗೂ ಗೊತ್ತು. ಸ್ತ್ರೀಯರಿಗೆ ಗ್ರೀಕ್ ಮತ್ತು ಇಬ್ರಿಯ ಕಲಿಯುವ ಅವಕಾಶ ದೊರೆತರೆ ಈಗಿರುವುದಕ್ಕಿಂತ ತುಸು ಬೇರೆಯಾದ ಪಾಠಗಳು ಹೊರಬರಬಹುದೆಂದೂ ಆಕೆ ಬರೆದರು.

1848ರ ಜುಲೈ 19 ಮತ್ತು 20ರಂದು ಸೆನೆಕಾ ಫಾಲ್ಸ್ ಊರಿನಲ್ಲಿ ನಡೆದ ಮೊದಲ ಸ್ತ್ರೀ ಹಕ್ಕುಗಳ ಸಮ್ಮೇಳನಕ್ಕೆ ಸ್ಥಳ ಕೊಟ್ಟದ್ದು ಒಂದು ದೇವಾಲಯ, ಗುಲಾಮಗಿರಿಯ ವಿರೋಧಿಗಳಾಗಿದ್ದ ವೆಸ್ಲಿಯನ್ ಮೆಥೊಡಿಸ್ಟರದು. ಅಲ್ಲಿ 68 ಸ್ತ್ರೀಯರೂ 32 ಪುರುಷರೂ ಸಹಿ ಹಾಕಿದ ಘೋಷಣೆಯು ಮತಾಧಿಕಾರವನ್ನು ಕೇಳಿತು. ಅಪೊಸ್ತಲರ ಹೆಸರು ಹೇಳಿ ಸ್ತ್ರೀಯನ್ನು ಸಭಾಸೇವೆಯಿಂದ ದೂರವಿಟ್ಟದ್ದನ್ನೂ ಅದೇ ಪಟ್ಟಿಯಲ್ಲಿ ಅನ್ಯಾಯವೆಂದು ನಮೂದಿಸಿತು.

ಗ್ರಿಮ್ಕೆ ಬಯಸಿದ ವ್ಯಾಸಂಗವನ್ನು ಆಂಟೊನೆಟ್ ಬ್ರೌನ್ ಕೈಗೊಂಡರು. ಓಬರ್ಲಿನ್‌ನಲ್ಲಿ ಅವರು ದೈವಶಾಸ್ತ್ರದ ಪಾಠಕ್ರಮವನ್ನು 1850ರಲ್ಲಿ ಮುಗಿಸಿದರೂ ಪದವಿ ಸಿಗಲಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯ, ಇವುಗಳಲ್ಲಿನ ಮೌನದ ವಚನಗಳನ್ನು ಕುರಿತು ಅವರು ಬರೆದ ಪ್ರಬಂಧವನ್ನು ಸಂಸ್ಥೆಯ ಪತ್ರಿಕೆ ಪ್ರಕಟಿಸಿತು. ಬರೆದುದನ್ನು ಅಚ್ಚುಹಾಕಲು ಅಡ್ಡಿಯಿಲ್ಲ, ಬರೆದವಳಿಗೆ ಪದವಿ ಕೊಡಲು ಅಡ್ಡಿಯುಂಟು! 1853ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕ್ ರಾಜ್ಯದ ಸೌತ್ ಬಟ್ಲರ್ ಎಂಬ ಹಳ್ಳಿಯ ಕಾಂಗ್ರಿಗೇಷನಲ್ ಸಭೆಯು ಅವರಿಗೆ ಸಭಾಪಾಲನಾ ದೀಕ್ಷೆ ಕೊಟ್ಟಿತು. ಆ ಆರಾಧನೆಯಲ್ಲಿ ಲೂಥರ್ ಲೀ ಎಂಬ ವೆಸ್ಲಿಯನ್ ಬೋಧಕರು ಗಲಾತ್ಯ 3:28ರ ಮೇಲೆ ಪ್ರಸಂಗ ಮಾಡಿದರು. ಬ್ರೌನ್ ಒಂದು ವರ್ಷದೊಳಗೆ ಆ ಹುದ್ದೆಯನ್ನು ಬಿಟ್ಟರು. ಮುಂದೆ ಯೂನಿಟೇರಿಯನ್ ಸಭೆಯನ್ನು ಸೇರಿದರು. ಆದರೂ 1920ರ ಚುನಾವಣೆಯಲ್ಲಿ, 95ನೆಯ ವಯಸ್ಸಿನಲ್ಲಿ, ಮತ ಹಾಕಿದರು. ಮೊದಲ ತಲೆಮಾರಿನ ಹೋರಾಟಗಾರ್ತಿಯರಲ್ಲಿ ಆ ಭಾಗ್ಯ ಕಂಡವರು ಬಹು ವಿರಳ.

ಚಳವಳಿಯು ಸತ್ಯವೇದದ ವಿಷಯದಲ್ಲಿ ಒಮ್ಮತದಿಂದಿತ್ತೆಂದು ಭಾವಿಸಬಾರದು. ಎಲಿಜಬೆತ್ ಕೇಡಿ ಸ್ಟಾಂಟನ್ 1895ರಲ್ಲಿ ‘ಸ್ತ್ರೀಯರ ಬೈಬಲ್’ ಎಂಬ ತೀಕ್ಷ್ಣ ಭಾಷ್ಯವನ್ನು ಪ್ರಕಟಿಸಿದಾಗ, ಮರುವರ್ಷ ರಾಷ್ಟ್ರೀಯ ಮತಾಧಿಕಾರ ಸಂಘವು 53ಕ್ಕೆ 41 ಮತಗಳಿಂದ ಅದರೊಂದಿಗೆ ತನಗೆ ಸಂಬಂಧವಿಲ್ಲವೆಂದು ನಿರ್ಣಯಿಸಿತು. ಸ್ಟಾಂಟನ್ ಅವರ ಗೆಳತಿ ಸೂಸನ್ ಆಂಥನಿ ಈ ನಿರ್ಣಯವನ್ನು ವಿರೋಧಿಸಿ ಮಾತನಾಡಿದರು. ಮುಂದೆ ಇದೇ ಸಂಘವನ್ನು 1904ರಿಂದ 1915ರವರೆಗೆ ನಡೆಸಿದವರು ದೀಕ್ಷೆ ಪಡೆದ ಆನಾ ಹೊವರ್ಡ್ ಶಾ. ಮೆಥೊಡಿಸ್ಟ್ ಎಪಿಸ್ಕೊಪಲ್ ಸಭೆ ನಿರಾಕರಿಸಿದ ದೀಕ್ಷೆಯನ್ನು ಅವರು 1880ರಲ್ಲಿ ಮೆಥೊಡಿಸ್ಟ್ ಪ್ರಾಟೆಸ್ಟಂಟ್ ಸಭೆಯಲ್ಲಿ ಪಡೆದಿದ್ದರು.

1920ರ ಆಗಸ್ಟ್ 18ರಂದು ಟೆನೆಸಿಯು ಸಮ್ಮತಿಸಿದ 36ನೆಯ ರಾಜ್ಯವಾಯಿತು. ತಾಯಿಯ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಬಂದ 24ರ ಹರೆಯದ ಹ್ಯಾರಿ ಬರ್ನ್ ತನ್ನ ನಿಲುವನ್ನು ಬದಲಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಹೇಳಬೇಕಾದ ಸಂಗತಿ ಬೇರೆಯಿದೆ. ದಕ್ಷಿಣದ ರಾಜ್ಯಗಳ ಕಪ್ಪು ಸ್ತ್ರೀಯರಿಗೆ ಆ ತಿದ್ದುಪಡಿಯಿಂದ ದೊರೆತದ್ದು ಅತ್ಯಲ್ಪ. ತಲೆಗಂದಾಯ, ಅಕ್ಷರಪರೀಕ್ಷೆ, ಬೆದರಿಕೆಗಳು ಅವರನ್ನು ಮತಗಟ್ಟೆಯಿಂದ ದೂರವಿಟ್ಟವು. ದಕ್ಷಿಣದ ಬೆಂಬಲವನ್ನು ಕಳೆದುಕೊಳ್ಳಬಾರದೆಂದು ಬಿಳಿಯ ನಾಯಕಿಯರು 1913ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಐಡಾ ಬಿ. ವೆಲ್ಸ್ ಅವರಿಗೆ ತಮ್ಮ ರಾಜ್ಯದ ತಂಡವನ್ನು ಬಿಟ್ಟು ಹಿಂದೆ ನಡೆಯಲು ಹೇಳಿದ್ದರು. ಅವರು ಒಪ್ಪದೆ ತಂಡದ ನಡುವೆ ಬಂದು ಸೇರಿಕೊಂಡರು. ಗಲಾತ್ಯ 3:28ರ ಒಂದು ಭಾಗವನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟ ಈ ವ್ಯಾಖ್ಯಾನವು ಪಾಲನಾ ಪತ್ರದ ವ್ಯಾಖ್ಯಾನಕ್ಕಿಂತ ಉತ್ತಮವೆಂದು ಹೇಳಲಾರೆ.

1962ರ ಆಗಸ್ಟಿನಲ್ಲಿ ಮಿಸಿಸಿಪಿಯ ರೂಲ್‌ವಿಲ್‌ನಲ್ಲಿ, ವಿಲಿಯಮ್ಸ್ ಚಾಪೆಲ್ ಎಂಬ ಪುಟ್ಟ ದೇವಾಲಯದ ಕೂಟವೊಂದರಲ್ಲಿ, ಹತ್ತಿಯ ಹೊಲದ ಕೆಲಸಗಾರ್ತಿ ಫ್ಯಾನಿ ಲೂ ಹೇಮರ್ ತಮಗೆ ಮತ ಹಾಕುವ ಹಕ್ಕಿದೆಯೆಂದು ಮೊದಲ ಬಾರಿಗೆ ಕೇಳಿದರು. ಆಗ ಅವರ ವಯಸ್ಸು 44. ತಿದ್ದುಪಡಿಯ ವಯಸ್ಸು 42. ಅದೇ ತಿಂಗಳ 31ರಂದು ಅವರು 17 ಮಂದಿಯೊಂದಿಗೆ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋಗಿ ಅಕ್ಷರಪರೀಕ್ಷೆಯನ್ನು ಎದುರಿಸಿದರು. ಅಧಿಕಾರಿಗಳು ಅವರನ್ನು ಅನುತ್ತೀರ್ಣಗೊಳಿಸಿದರು. ಹಿಂದಿರುಗುವಾಗ ಪೊಲೀಸರು ಬಸ್ಸನ್ನು ತಡೆದರು. ಭಯಪಟ್ಟು ಕುಳಿತಿದ್ದವರ ನಡುವೆ ಆಕೆ ಸಭೆಯಲ್ಲಿ ಕಲಿತ ಕೀರ್ತನೆಗಳನ್ನು ಹಾಡತೊಡಗಿದರು. ಆ ರಾತ್ರಿಯೇ ಹೊಲದ ಒಡೆಯನು ಅವರನ್ನು ಮನೆಯಿಂದ ಹೊರಹಾಕಿದನು.