ತೋಪಿನ ನಳಿಗೆ ಮತ್ತು ಗುರಿ: ತಾಳಿಕೋಟೆಯ ಯುದ್ಧವನ್ನು ಕುರಿತು ಒಂದು ವಿಚಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಕಡೆಯಿಂದ ಬಂದ ವಿದ್ಯಾರ್ಥಿಗಳೊಡನೆ ವಿಜಯಪುರದ ಶೆರ್ಜಾ ಬುರುಜನ್ನು ಏರಿದಾಗಲೆಲ್ಲ ಒಂದೇ ಪ್ರಶ್ನೆ ಕೇಳಿಬರುತ್ತದೆ: “ಸರ್, ಈ ತೋಪಿನ ಗುಂಡು ಎಷ್ಟು ದೂರ ಹೋಗುತ್ತಿತ್ತು?” ಪ್ರಶ್ನೆ ಸಹಜವಾದುದೇ. ಆದರೆ ಇತಿಹಾಸಕಾರನು ಮೊದಲು ಕೇಳಬೇಕಾದುದು ಬೇರೊಂದು: ಹಾರಿಸಿದ ಗುಂಡು ಗುರಿಯಿಟ್ಟ ಸ್ಥಳದಲ್ಲಿಯೇ ಬೀಳುತ್ತಿತ್ತೆ? ಬೀಳದಿದ್ದರೆ ದೋಷವು ಎಲ್ಲಿತ್ತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ ೧೫೬೫ರ ತಾಳಿಕೋಟೆಯ ಯುದ್ಧವನ್ನು ಕುರಿತು ನಾವು ತರಗತಿಗಳಲ್ಲಿ ಹೇಳುತ್ತಿರುವ ಮಾತನ್ನು ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ.

ಗುರಿ ತಪ್ಪುವ ಬಂದೂಕನ್ನು ಪರೀಕ್ಷಿಸುವ ಬಲ್ಲವರು ಮೊದಲಿಗೇ ನಳಿಗೆಯನ್ನು ದೂಷಿಸುವುದಿಲ್ಲ. ಹಲವು ಗುಂಡುಗಳನ್ನು ಒಂದೇ ಬಗೆಯಾಗಿ ಹಾರಿಸಿ, ಅವು ಬಿದ್ದ ಗುರುತುಗಳನ್ನು ನೋಡುತ್ತಾರೆ. ಗುಂಡುಗಳೆಲ್ಲ ಒತ್ತಾಗಿ ಬಿದ್ದು, ಗುರಿಯಿಂದ ಮಾತ್ರ ಒಂದು ಕಡೆಗೆ ಸರಿದಿದ್ದರೆ ದೋಷವು ಹೆಚ್ಚಾಗಿ ಗುರಿ ಹಿಡಿಯುವ ಸಾಧನದಲ್ಲಿರುತ್ತದೆ. ಅವು ಚದುರಿ ಬಿದ್ದಿದ್ದರೆ ಮದ್ದು, ಗುಂಡು, ಬಂದೂಕಿನ ಕೂಡುಭಾಗಗಳು ಇವುಗಳನ್ನು ಒಂದೊಂದಾಗಿ ಶೋಧಿಸಿ, ಬಳಿಕ ನಳಿಗೆಯ ಒಳಮೈಯ ಸವೆತವನ್ನೂ ಬಾಯಿಯ ಅಂಚಿನ ಊನವನ್ನೂ ನೋಡುತ್ತಾರೆ. ಈ ಕ್ರಮವನ್ನೇ ಹಳೆಯ ತೋಪುಗಳಿಗೂ ಅನ್ವಯಿಸಬಹುದು.

ವಿಜಯಪುರದಲ್ಲಿ ಎರಡು ಬಗೆಯ ತೋಪುಗಳಿವೆ. ಮಲಿಕ್-ಎ-ಮೈದಾನವು ಕಂಚಿನ ಎರಕ. ಮುಹಮ್ಮದ್ ಬಿನ್ ಹಸನ್ ರೂಮಿಯು ೧೫೪೯ರಲ್ಲಿ ಇದನ್ನು ಅಹಮದನಗರದಲ್ಲಿ ಎರೆದನು. ಇದರ ಉದ್ದ ಸುಮಾರು ೧೪ ಅಡಿ ೪ ಅಂಗುಲ, ಒಳಬಾಯಿಯ ಅಗಲ ೨ ಅಡಿ ೪ ಅಂಗುಲ, ತೂಕ ಸುಮಾರು ೫೫ ಟನ್ನು. ಉಪ್ಪಲಿ ಬುರುಜಿನ ಮೇಲಿನ ದೊಡ್ಡ ತೋಪಾದರೋ ಕಬ್ಬಿಣದ್ದು. ಅದರ ಉದ್ದ ೩೦ ಅಡಿಗೂ ಮಿಕ್ಕಿದ್ದು, ಒಳಬಾಯಿಯ ಅಗಲ ಸುಮಾರು ಒಂದು ಅಡಿ. ಮೊದಲನೆಯದರಲ್ಲಿ ಉದ್ದವು ಬಾಯಿಯ ಅಗಲದ ಆರರಷ್ಟು. ಎರಡನೆಯದರಲ್ಲಿ ಸುಮಾರು ಮೂವತ್ತರಷ್ಟು. ಇವೆರಡೂ ಒಂದೇ ಉದ್ದೇಶಕ್ಕೆ ಹುಟ್ಟಿದವುಗಳಲ್ಲವೆಂಬುದನ್ನು ಈ ಅಳತೆಗಳೇ ಸಾರುತ್ತವೆ.

ಎರಡು ಬಗೆಗೂ ಅವುಗಳದೇ ಆದ ದೋಷಗಳುಂಟು. ಎರಕದ ತೋಪನ್ನು ಆ ಕಾಲದಲ್ಲಿ ನಡುವೆ ತಿರುಳಚ್ಚನ್ನು ನಿಲ್ಲಿಸಿ ಎರೆಯುತ್ತಿದ್ದರು. ಕಾದ ಲೋಹದ ಒತ್ತಡಕ್ಕೆ ಈ ತಿರುಳು ಕೂದಲೆಳೆಯಷ್ಟು ಸರಿದರೂ ಒಳರಂಧ್ರವು ಓರೆಯಾಗುತ್ತದೆ. ಲೋಹದೊಳಗೆ ಗಾಳಿ ಸಿಕ್ಕಿಕೊಂಡರೆ ಗುಳ್ಳೆಗಳು ಉಳಿಯುತ್ತವೆ. ಕಬ್ಬಿಣದ ತೋಪಿನಲ್ಲಿ ಉದ್ದನೆಯ ಪಟ್ಟಿಗಳನ್ನು ಕೊಳವೆಯಾಕಾರವಾಗಿ ಜೋಡಿಸಿ, ಅವುಗಳ ಮೇಲೆ ಕಾಯಿಸಿದ ಬಳೆಗಳನ್ನು ಒತ್ತಾಗಿ ಏರಿಸಿ ಬಡಿಯುತ್ತಿದ್ದರು. ಅಲ್ಲಿ ಪ್ರತಿಯೊಂದು ಸಂದೂ ಬಿರುಕಿಗೆ ಎಡೆಮಾಡಬಲ್ಲದು. ನಳಿಗೆ ಉದ್ದವಾದಷ್ಟೂ ಅದನ್ನು ನೇರವಾಗಿಡುವುದು ಕಷ್ಟ.

ಇವೆಲ್ಲಕ್ಕಿಂತ ಮುಖ್ಯವಾದುದು ಗುಂಡಿಗೂ ನಳಿಗೆಗೂ ನಡುವಣ ತೆರಪು. ಕೈಯಿಂದ ಕಡೆದ ಗುಂಡು ಎಲ್ಲಿಯೂ ಸಿಕ್ಕಿಕೊಳ್ಳದಂತೆ ಅದನ್ನು ಕಿರಿದಾಗಿಯೇ ಮಾಡಬೇಕಾಗಿತ್ತು. ಮದ್ದು ಸಿಡಿದಾಗ ಹೊಗೆಯ ಒಂದು ಪಾಲು ಈ ತೆರಪಿನಿಂದ ನುಗ್ಗಿ ವ್ಯರ್ಥವಾಗುತ್ತಿತ್ತು. ಗುಂಡು ನಳಿಗೆಯ ಗೋಡೆಗಳಿಗೆ ಬಡಿಯುತ್ತ ಸಾಗಿ, ಕೊನೆಯ ಬಡಿತವು ಎತ್ತ ನೂಕಿತೋ ಅತ್ತ ಹೊರಡುತ್ತಿತ್ತು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು ೧೭೪೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಂಡಿನ ಚಲನೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿದನು. ಘನವಾಗಿ ಎರೆದ ತೋಪನ್ನು ಆಮೇಲೆ ಕೊರೆಯುವ ಯಂತ್ರವು ಯೂರೋಪಿನಲ್ಲಿ ರೂಢಿಗೆ ಬಂದುದೂ ಆ ಶತಮಾನದಲ್ಲಿಯೇ. ನಳಿಗೆಯೊಳಗಿನ ಸುರುಳಿಗೀರುಗಳಿಂದ ಗುಂಡನ್ನು ತಿರುಗಿಸುವ ರೈಫಲು ಸಾಮಾನ್ಯ ಸಿಪಾಯಿಯ ಕೈಗೆ ಬಂದುದು ೧೯ನೆಯ ಶತಮಾನದ ನಡುವೆ. ಆದ್ದರಿಂದ ೧೬ನೆಯ ಶತಮಾನದ ತೋಪಿನಲ್ಲಿ ಗುರಿ ತಪ್ಪುವುದು ಆಕಸ್ಮಿಕವಲ್ಲ. ಅದು ಅದರ ಹುಟ್ಟುಗುಣ.

ಈ ಗುಣವನ್ನರಿಯದೆ ಕಾದಿದರೆ ಏನಾಗುವುದೆಂಬುದಕ್ಕೆ ೧೫೨೦ರ ರಾಯಚೂರಿನ ಯುದ್ಧವೇ ನಿದರ್ಶನ. ಇಸ್ಮಾಯಿಲ್ ಆದಿಲಶಾಹನು ತನ್ನ ತೋಪುಗಳನ್ನೆಲ್ಲ ಒಮ್ಮೆಲೇ ಹಾರಿಸಿದನೆಂದು ಪೋರ್ಚುಗೀಸನಾದ ನೂನಿಜನು ಬರೆದಿದ್ದಾನೆ. ವಿಜಯನಗರದ ಮುಂಚೂಣಿ ಒಡೆದು ಹಿಮ್ಮೆಟ್ಟಿತು. ಆದರೆ ಕೃಷ್ಣದೇವರಾಯನು ಉಳಿದ ದಂಡನ್ನು ಹುರಿದುಂಬಿಸಿ ಮೇಲೆ ಬಿದ್ದನು. ಬರಿದಾದ ತೋಪುಗಳಿಗೆ ಮತ್ತೆ ಮದ್ದು ತುಂಬುವಷ್ಟು ಬಿಡುವು ದೊರೆಯಲಿಲ್ಲ.

೧೫೬೫ರ ಜನವರಿ ೨೩ರ ಯುದ್ಧಕ್ಕೆ ಬರೋಣ. ಬಹುಕಾಲ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ತಾಳಿಕೋಟೆಯಲ್ಲಿ ಸುಲ್ತಾನರ ದಂಡುಗಳು ಕೂಡಿದವು. ಕಾಳಗವಾದುದು ಕೃಷ್ಣೆಯ ತೆಂಕಣ ಬಯಲಿನಲ್ಲಿ. ಅಹಮದನಗರದ ಚೆಲಬಿ ರೂಮಿಖಾನನು ಆರುನೂರು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿ, ಮುಂದೆ ಬಿಲ್ಲುಗಾರರನ್ನು ಮರೆಯಾಗಿಟ್ಟು, ಶತ್ರು ಹತ್ತಿರ ಬಂದ ಬಳಿಕ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದನೆಂದು ಫೆರಿಸ್ತನು ಹೇಳುತ್ತಾನೆ. ಫೆರಿಸ್ತನು ಪ್ರತ್ಯಕ್ಷದರ್ಶಿಯಲ್ಲ, ಅವನು ಬರೆದುದು ಸುಮಾರು ನಾಲ್ವತ್ತು ವರ್ಷಗಳ ಬಳಿಕ, ವಿಜಯಪುರದ ಆಸ್ಥಾನದಲ್ಲಿ. ಅವನ ಅಂಕಿಗಳನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಆದರೆ ಅವನು ವರ್ಣಿಸುವ ಕ್ರಮವು ನಳಿಗೆಯ ಗುಣಕ್ಕೆ ತಕ್ಕುದಾಗಿದೆ. ನಾಣ್ಯಗಳು ಬಾಯಿಯಿಂದ ಹೊರಬಿದ್ದೊಡನೆ ಚದುರುತ್ತವೆ. ಬೇಗನೆ ವೇಗವನ್ನೂ ಕಳೆದುಕೊಳ್ಳುತ್ತವೆ. ದೂರಕ್ಕೆ ಅವು ನಿಷ್ಫಲ. ಹತ್ತಿರಕ್ಕಾದರೋ ನಳಿಗೆ ಓರೆಯಾಗಿದ್ದರೂ ಚಿಂತೆಯಿಲ್ಲ, ಚದುರುವಿಕೆಯೇ ಲಾಭ. ದೋಷವನ್ನು ತಿದ್ದಲಾರದ ಗೋಲಂದಾಜನು ಅದು ಬಾಧಿಸದಷ್ಟು ಸಮೀಪಕ್ಕೆ ಶತ್ರುವನ್ನು ಬರಗೊಟ್ಟನು.

ಮಲಿಕ್-ಎ-ಮೈದಾನವೂ ಆ ರಣದಲ್ಲಿತ್ತೆಂಬ ಮಾತು ಜನರಲ್ಲಿದೆ. ೫೫ ಟನ್ನಿನ ತೋಪು ಕೃಷ್ಣೆಯನ್ನು ದಾಟಿ ಬಯಲ ಕಾಳಗಕ್ಕೆ ಬಂದಿತೆಂಬುದು ಸುಲಭವಾಗಿ ನಂಬುವ ಮಾತಲ್ಲ. ನಮ್ಮ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಸೋಲಿಗೆ ತೋಪುಗಳೊಂದೇ ಕಾರಣವೆಂದೂ ಇಲ್ಲಿ ಹೇಳುತ್ತಿಲ್ಲ. ೧೫೬೭ರಲ್ಲಿ ವಿಜಯನಗರವನ್ನು ಕಂಡ ಸೀಸರ್ ಫ್ರೆಡರಿಕನು ಇಬ್ಬರು ಸರದಾರರ ದ್ರೋಹವನ್ನು ಮುಂದಿಡುತ್ತಾನೆ. ವಿಜಯನಗರದ ಬಳಿಯೂ ತೋಪುಗಳಿದ್ದವು. “ಅವರಲ್ಲಿ ದೊಡ್ಡ ತೋಪುಗಳಿದ್ದವು, ಇವರಲ್ಲಿ ಇರಲಿಲ್ಲ, ಅದರಿಂದ ಸೋತರು” ಎಂದು ವಿದ್ಯಾರ್ಥಿಗೆ ಬರೆಯಿಸುವುದು ತಪ್ಪು. ಅದು ಸಾಧನವನ್ನು ಹೊಗಳಿ, ಅದನ್ನು ಅರಿತು ಬಳಸಿದ ಬುದ್ಧಿಯನ್ನು ಮರೆಯುವ ಬರವಣಿಗೆ.

ಗೆದ್ದವರೇ ಮುಂದೆ ಈ ಪಾಠವನ್ನು ಮರೆತರೆಂದು ತೋರುತ್ತದೆ. ಸುಮಾರು ೧೫೮೪ರಲ್ಲಿ ಎದ್ದ, ಎಂಬತ್ತು ಅಡಿಯಷ್ಟು ಎತ್ತರದ ಉಪ್ಪಲಿ ಬುರುಜಿನ ಮೇಲೆ ಉದ್ದನೆಯ ನಳಿಗೆ ಏರಿತು. ೧೬೩೨ರಲ್ಲಿ ಮಲಿಕ್-ಎ-ಮೈದಾನವನ್ನು ಪರಂಡಾದಿಂದ ತಂದರು. ಎತ್ತರದಿಂದ ದೂರವು ಹೆಚ್ಚಿತು, ಗುರಿ ಹೆಚ್ಚಲಿಲ್ಲ. ಔರಂಗಜೇಬನ ಮುತ್ತಿಗೆಯಲ್ಲಿ ಹಸಿವಿನಿಂದ ಕಂಗೆಟ್ಟ ನಗರವು ೧೬೮೬ರ ಸೆಪ್ಟೆಂಬರ್ ೧೨ರಂದು ಶರಣಾಯಿತು. ಗೆದ್ದವನು ಮಲಿಕ್-ಎ-ಮೈದಾನದ ಮೇಲೆ ತನ್ನ ವಿಜಯದ ಶಾಸನವನ್ನು ಕೊರೆಯಿಸಿದನು.

ನಮ್ಮ ಅಧ್ಯಾಪಕರು ಮುಂದೆ ವಿದ್ಯಾರ್ಥಿಗಳನ್ನು ಬುರುಜಿಗೆ ಕರೆದೊಯ್ದಾಗ ತೋಪಿನ ಬೆನ್ನು ತಟ್ಟಿ ನಾದವನ್ನು ಕೇಳಿಸಿ ಹಿಂದಿರುಗದಿರಲಿ. ಬಾಯಿಯ ಬಳಿ ನಿಲ್ಲಿಸಿ, ಗೋಡೆಯ ದಪ್ಪವು ಎಲ್ಲ ಕಡೆಗೂ ಸಮವಾಗಿದೆಯೆ, ಕಬ್ಬಿಣದ ಪಟ್ಟಿಗಳ ಸಂದು ಎಲ್ಲಿ ತೆರೆದಿದೆ ಎಂದು ನೋಡಹೇಳಲಿ. ಆ ನಳಿಗೆಯ ಒಳಮೈಯೂ ಒಂದು ದಾಖಲೆಯೇ. ಅದನ್ನು ಓದಲು ಬಾರದಿದ್ದರೆ ಫೆರಿಸ್ತನ ಮಾತನ್ನು ತೂಗಲೂ ನಮಗೆ ಬಾರದು.